ಹಗೇವಿನ ಮೇಲಿನ ರುಮಾಲು

“ನಿಯಮ ತಪ್ಪದೆ ನಡೆದವನಿಗೆ ಪಾಪ ತಟ್ಟುತ್ತದೆಯೇ, ಗುರುಗಳೇ?”

ಕೇಳಿದವನು ಅಡವಯ್ಯ, ಮಠದ ಉಗ್ರಾಣದ ಬೀಗದ ಕೈ ಇಟ್ಟುಕೊಂಡಿದ್ದ ಶಿಷ್ಯ. ದಾಸೋಹದ ಗಂಟೆ ಮುಗಿದು ಎಲೆ ಎತ್ತಿದ ಮೇಲೆ ಯಾರಿಗೂ ಊಟವಿಲ್ಲ ಎಂಬುದು ಆ ಮಠದ ನಿಯಮ. ಅಂದು ಮಧ್ಯಾಹ್ನ ಎಲೆ ಎತ್ತಿದ ಮೇಲೆ ಕೂಸನ್ನು ಎತ್ತಿಕೊಂಡು ಒಬ್ಬ ಹೆಂಗಸು ಬಂದಿದ್ದಳು. ಅಡವಯ್ಯ ನಿಯಮ ಹೇಳಿ ಅವಳನ್ನು ಕಳಿಸಿಬಿಟ್ಟಿದ್ದ. ಗುರುಗಳಿಗೆ ಅದನ್ನು ತಿಳಿಸಿರಲಿಲ್ಲ. ಗುರುಗಳು ಯಾಕೆ ಕೇಳುತ್ತೀ ಎನ್ನಲಿಲ್ಲ, ಕತೆ ಹೇಳಿದರು.

ಬಯಲು ಸೀಮೆಯಲ್ಲಿ ಒಂದು ಊರಿತ್ತು. ಮುಂಗಾರಿನ ಮೋಡ ಆ ಊರಿನ ಮೇಲೆ ಹಾದು ಹೋಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಆಷಾಢದ ಗಾಳಿ ಬಂದು ಇದ್ದಬದ್ದ ಹಸಿಯನ್ನೂ ಒಣಗಿಸಿಕೊಂಡು ಹೋಗುತ್ತಿತ್ತು. ಊರು ನಂಬಿದ್ದು ಹಿಂಗಾರನ್ನು. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ನಕ್ಷತ್ರದ ಹೆಸರು ಹಿಡಿದು ಒಂದೊಂದು ಮಳೆಗೂ ಕಾಯುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ ಎಂದು ಕಾಯುವುದರಲ್ಲೇ ಅಲ್ಲಿಯವರ ಅರ್ಧ ಆಯುಷ್ಯ ಸವೆಯುತ್ತಿತ್ತು.

ಎಲ್ಲ ಮಳೆಯೂ ಕೈಕೊಡುವ ವರ್ಷಗಳಿದ್ದವು. ಅದಕ್ಕಾಗಿ ಊರಿನವರು ಒಂದು ಹಗೇವು ತೋಡಿದ್ದರು. ಹಗೇವು ಎಂದರೆ ನೆಲದೊಳಗಿನ ಕಣಜ. ಸುಗ್ಗಿ ಚೆನ್ನಾದ ವರ್ಷ ಮನೆಮನೆಯಿಂದ ಜೋಳ ತಂದು ಅದರಲ್ಲಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಸುತ್ತ ಮಣ್ಣು ಮೆತ್ತುತ್ತಿದ್ದರು. ಮೂರು ಮಳೆ ಸಾಲಾಗಿ ಹೋದರೆ ಮಾತ್ರ ಅದನ್ನು ತೆರೆಯಬೇಕು. ಇದು ಹಿರಿಯರು ಮಾಡಿಟ್ಟ ಕಟ್ಟು. ಮಳೆ ಬಂತು, ಬರಲಿಲ್ಲ ಎಂದು ಜಗಳವಾಗಬಾರದೆಂದು ಅದಕ್ಕೂ ಒಂದು ದಾರಿ ಮಾಡಿದ್ದರು. ಹಗೇವು ಕಾಯುವವನು ತನ್ನ ರುಮಾಲು ಬಿಚ್ಚಿ ಮುಚ್ಚುಗಲ್ಲಿನ ಮೇಲೆ ಹಾಸಬೇಕು. ಒಂದು ಮಳೆಯ ದಿನಗಳು ಮುಗಿಯುವುದರೊಳಗೆ ರುಮಾಲಿಗೆ ನೀರು ತಾಗಿದರೆ ಆ ಮಳೆ ಬಂದ ಲೆಕ್ಕ, ತಾಗದಿದ್ದರೆ ಹೋದ ಲೆಕ್ಕ. ಎಷ್ಟು ನೀರು ಎಂದು ಅವರು ಹೇಳಿರಲಿಲ್ಲ. ಅದನ್ನೂ ಬಿಡಿಸಿ ಹೇಳಬೇಕಾದಂಥ ಮನುಷ್ಯ ಮುಂದೊಂದು ದಿನ ಹುಟ್ಟುತ್ತಾನೆ ಎಂದು ಪಾಪ, ಅವರಿಗೆ ಹೊಳೆದಿರಲಿಕ್ಕಿಲ್ಲ.

ಆ ಕಾಲಕ್ಕೆ ಹಗೇವು ಕಾಯುತ್ತಿದ್ದವನು ಒಬ್ಬ ರೈತ. ಕೈ ಬಾಯಿ ಶುದ್ಧವಿದ್ದವನು. ಹಗೇವಿನ ಒಂದು ಕಾಳನ್ನು ಮುಟ್ಟಿದವನಲ್ಲ. ತನ್ನ ಈ ಹೆಸರಿನ ಬಗ್ಗೆ ಅವನಿಗೆ ಸಣ್ಣ ಹೆಮ್ಮೆಯೇನೂ ಇರಲಿಲ್ಲ, ದೊಡ್ಡದೇ ಇತ್ತು. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಅವಳನ್ನು ಅದೇ ಊರಿಗೆ ಕೊಟ್ಟಿದ್ದರು. ಗಂಡ, ಮಗ, ಸೊಸೆ ಒಬ್ಬೊಬ್ಬರಾಗಿ ತೀರಿಹೋಗಿ ಅವಳ ಪಾಲಿಗೆ ಉಳಿದದ್ದು ಒಂದು ಪುಟ್ಟ ಮೊಮ್ಮಗಳು.

ಆ ವರ್ಷ ಹುಬ್ಬೆ ಒಣಗಿಯೇ ಹೋಯಿತು. ಉತ್ತರೆಯೂ ಹೋಯಿತು. ಕರಿನೆಲ ಕಾಲು ಇಳಿಯುವಷ್ಟು ಬಿರುಕು ಬಿಟ್ಟಿತು. ಬಿತ್ತನೆಗೆಂದು ಕಟ್ಟಿಟ್ಟ ಬೀಜವನ್ನೇ ಜನ ಬೀಸಿ ಉಂಡರು. ರೈತನೂ ತನ್ನ ಗಡಿಗೆಯಲ್ಲಿದ್ದ ಹಿಟ್ಟನ್ನು ಅಕ್ಕನ ಜೊತೆ ಹಂಚಿಕೊಂಡು ಉಂಡ. ಅದೂ ಮುಗಿಯಿತು. ಹಸ್ತವೂ ಹೋದರೆ ಹಗೇವು ತೆರೆಯುತ್ತದೆ ಎಂದು ಎಲ್ಲರೂ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕೂತರು. ತಮಾಷೆ ನೋಡು, ಹುಟ್ಟಿದಂದಿನಿಂದ ಮಳೆಗೆ ಕೈಮುಗಿದ ಊರು, ಅಷ್ಟು ದಿನ ಮಳೆ ಬಾರದಿರಲಿ ಎಂದು ಕೈಮುಗಿಯಿತು.

ಹಸ್ತದ ಕೊನೆಯ ಸಂಜೆ ಒಂದು ಮೋಡ ಬಂತು. ಗುಡುಗಿತು, ದೂಳೆಬ್ಬಿಸಿತು, ನಾಲ್ಕು ಹನಿ ಉದುರಿಸಿ ಹೋಯಿತು. ರುಮಾಲಿನ ಮೇಲೆ ಅಲ್ಲೊಂದು ಇಲ್ಲೊಂದು ಕಲೆ ಬಿತ್ತು. ಊರೆಲ್ಲ ಹಗೇವಿನ ಸುತ್ತ ಬಂದು ನಿಂತಿತ್ತು.

“ಇದನ್ನ ಮಳಿ ಅಂತಾರೇನ್ರಿ? ಕಾಗಿ ರೆಕ್ಕಿ ಸೈತ ತೊಯ್ದಿಲ್ಲ,” ಎಂದ ಒಬ್ಬ ಕುರುಬ.

ಅದು ಮಳೆಯಲ್ಲ ಎಂದು ರೈತನಿಗೂ ಗೊತ್ತಿತ್ತು. ಅವನ ಬಾಯಿಗೆ ಬಂದದ್ದೂ ಅದೇ ಮಾತು. ಅಷ್ಟರಲ್ಲಿ ಗುಂಪಿನ ಮುಂದೆ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದ ಅಕ್ಕ ಕಣ್ಣಿಗೆ ಬಿದ್ದಳು. ಮಳೆಯಾಗಿಲ್ಲ ಎಂದು ತಾನು ಈಗ ಅಂದರೆ, ಅಕ್ಕನಿಗಾಗಿ ಹಗೇವು ತೆರೆದ ಎಂದು ನಾಳೆ ಜನ ಆಡಿಕೊಳ್ಳುತ್ತಾರೆ ಎಂದು ಅವನು ಹೆದರಿದ. ಆಡಿಕೊಳ್ಳುವಷ್ಟು ತ್ರಾಣ ಅಲ್ಲಿ ಯಾರಲ್ಲೂ ಉಳಿದಿರಲಿಲ್ಲ. ಅದು ಮಾತ್ರ ಅವನಿಗೆ ಕಾಣಲಿಲ್ಲ.

“ರುಮಾಲಿಗೆ ನೀರು ತಾಗ್ಯದ,” ಎಂದ. “ಹಸ್ತದ ಮಳಿ ಬಂದಂಗ. ಲೆಕ್ಕ ಚಿತ್ತಿಯಿಂದ ಹೊಸದಾಗಿ ಹಿಡೀಬೇಕು.”

ಅಕ್ಕ ಅಳಲಿಲ್ಲ, ಶಪಿಸಲಿಲ್ಲ. ಮುಂದೆ ಬಂದು ಕಲ್ಲಿನ ಮೇಲಿದ್ದ ರುಮಾಲನ್ನು ತೆಗೆದು ಅವನ ಕೈಗಿಟ್ಟಳು.

“ಹಿಂಡು, ತಮ್ಮಾ. ಒಂದು ಗುಟುಕು ನೀರು ಬಂದರ ಈ ಕೂಸಿಗೆ ಕುಡಸ್ತೀನಿ. ಮಳಿ ಆಗ್ಯದ ಅಂತ ನಾನೂ ಒಪ್ಪತೀನಿ.”

ಅವನು ಹಿಂಡಲಿಲ್ಲ. ರುಮಾಲು ಆಗಲೇ ಒಣಗಿತ್ತು. ಅದನ್ನು ಕೊಡವಿ ತಲೆಗೆ ಸುತ್ತಿಕೊಂಡ.

ಮರುದಿನ ಬೆಳಿಗ್ಗೆ ಅಕ್ಕ ಮೊಮ್ಮಗಳನ್ನು ಎತ್ತಿಕೊಂಡು ಊರು ಬಿಟ್ಟಳು. ಹೋಗುವಾಗ ಅವನ ಮನೆಯ ಮುಂದೆ ಒಂದು ಗಳಿಗೆ ನಿಂತಳು. ಅವನು ಒಳಗೇ ಇದ್ದ. ಮುಖ ನೋಡಿದರೆ ಮನಸ್ಸು ಕರಗೀತು ಎಂದು ಹೊರಗೆ ಬರಲಿಲ್ಲ. ಅವಳು ಹೋದಳು ಎಂದು ಖಾತ್ರಿಯಾದ ಮೇಲೆ ಬಾಗಿಲು ತೆರೆದು ನೋಡಿದ. ಬೀದಿ ಖಾಲಿಯಾಗಿತ್ತು.

ಚಿತ್ತೆಯೂ ಒಣಗಿ ಹೋಯಿತು. ಇನ್ನೂ ಕೆಲವರು ಊರು ಬಿಟ್ಟರು, ಬಿಡಲಾರದ ಕೆಲವು ಮುದುಕರು ಸತ್ತರು. ಆಮೇಲೆ ಸ್ವಾತಿ ಬಂತು. ಅಂತಿಂಥ ಮಳೆಯಲ್ಲ, ಹಗಲೂ ರಾತ್ರಿ ಬಿಡದೆ ಹೊಯ್ಯಿತು. ಉಳಿದ ಜನ ಕೆಸರಿನಲ್ಲಿ ನಿಂತು ಅತ್ತರು. ರೈತನೂ ಅತ್ತ. ಇನ್ನೇನು, ಅಕ್ಕ ಮಳೆಯ ಸುದ್ದಿ ಕೇಳಿ ತಾನೇ ತಿರುಗಿ ಬರುತ್ತಾಳೆ ಎಂದುಕೊಂಡ.

ಮುಗಿಲು ಹರಿದು, ಬಿಸಿಲು ಬಿದ್ದು, ನೆಲ ಬಿತ್ತುವ ಹದಕ್ಕೆ ಬಂತು. ಆದರೆ ಬಿತ್ತಲು ಯಾರ ಮನೆಯಲ್ಲೂ ಬೀಜವಿರಲಿಲ್ಲ. ಊರವರೆಲ್ಲ ಕೂತು ಮಾತಾಡಿ, ಬೀಜಕ್ಕಾಗಿ ಹಗೇವು ತೆರೆಯುವುದೆಂದು ತೀರ್ಮಾನಿಸಿದರು. ಅದಕ್ಕೆ ರೈತ ತಕರಾರು ಮಾಡಲಿಲ್ಲ. ಕಲ್ಲು ಸರಿಸಿದ ಕೂಡಲೇ ಮುಂದೆ ನಿಂತವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಬಿರುಕು ಬಿಟ್ಟ ನೆಲದೊಳಗೆ ನೀರು ಇಳಿದು ಹಗೇವು ಸೇರಿತ್ತು. ಜೋಳ ಮೊಳೆತು, ಕೊಳೆತು, ಕಪ್ಪಗಾಗಿತ್ತು. ಕೂಸಿನ ಹೊಟ್ಟೆಗೂ ಹೋಗದೆ, ಹೊಲದ ಸಾಲಿಗೂ ಬೀಳದೆ ಅಷ್ಟೂ ಜೋಳ ಹಾಳಾಗಿ ಹೋಯಿತು.

ರೈತ ಅಂದೇ ಅಕ್ಕನನ್ನು ಹುಡುಕಲು ಹೊರಟ. ಊರ ಬಾಗಿಲಲ್ಲಿ ದಾರಿ ಮೂರಾಗಿ ಒಡೆಯುತ್ತಿತ್ತು. ಅವಳು ಯಾವುದನ್ನು ಹಿಡಿದಳೋ ಅವನು ನೋಡಿರಲಿಲ್ಲ. ಮೂರರಲ್ಲೂ ಹೋದ, ಸಿಕ್ಕಿದವರನ್ನೆಲ್ಲ ಕೇಳಿದ. ಕೂಸನ್ನು ಎತ್ತಿಕೊಂಡ ಮುದುಕಿಯರು ಆ ವರ್ಷ ಎಲ್ಲ ದಾರಿಯಲ್ಲೂ ಹೋಗಿದ್ದರು. ಅವನು ಒಬ್ಬನೇ ತಿರುಗಿ ಬಂದ.

ಊರವರು ಅವನನ್ನು ಬೈಯಲಿಲ್ಲ. ಒಡಹುಟ್ಟಿದವಳಿಗಾಗಿಯೂ ಕಟ್ಟು ಮುರಿಯದವನು ಎಂದು ಹೊಗಳಿ, ಹೊಸ ರುಮಾಲು ತಂದು ತಲೆಗೆ ಸುತ್ತಿದರು. ಬೈದಿದ್ದರೆ ಅವನು ಒಂದು ದಿನವಾದರೂ ನಿದ್ದೆ ಮಾಡುತ್ತಿದ್ದನೇನೋ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯನಿಗೆ ಸಮಾಧಾನವಾಗಲಿಲ್ಲ.

“ಆದರೆ ಅವನು ನಿಯಮ ತಪ್ಪಲಿಲ್ಲವಲ್ಲ, ಗುರುಗಳೇ. ಅವನಿಗೆ ಪಾಪ ತಟ್ಟಿತೋ ಇಲ್ಲವೋ, ಅದನ್ನು ತಾವು ಹೇಳಲಿಲ್ಲ.”

ಗುರುಗಳು ಅವನ ಸೊಂಟದಲ್ಲಿದ್ದ ಬೀಗದ ಕೈಯನ್ನು ನೋಡಿದರು.

“ಮಧ್ಯಾಹ್ನ ಬಂದಿದ್ದಳಲ್ಲ, ಅವಳು ಯಾವ ದಾರಿ ಹಿಡಿದು ಹೋದಳು, ಅಡವಯ್ಯ?”