ಪಿಕಪ್ಪಿನ ಮೇಲೆ ಅನುಮಾನ

ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದು ದಪ್ಪ ತಂತಿಗೆ ಜೋಡಿಯಾಗಿ ಒಂದು ಸಣ್ಣ ತಂತಿ ಇತ್ತು. ಕೆಳಗೆ ಕೂತು ತಂತಿಗಳ ದನಿಯನ್ನ ಸ್ಪೀಕರಿಗೆ ಕಳಿಸೋ ಪಿಕಪ್ಪಿನ ಮೇಲೆ ಅದಕ್ಕೆ ಭಾರಿ ಅನುಮಾನ.

"ಜೋಡಿ ಅಂತ ಹೆಸರಿಗೆ. ದಪ್ಪಕ್ಕನ ದನಿ ಮಾತ್ರ ಕಳಿಸ್ತೀಯ, ನಂದು ಎಲ್ಲಿ ಹಾಕ್ತೀಯಪ್ಪ? ಹೀಗಾದ್ರೆ ನನ್ನ ಬಿಚ್ಚಿ ಎಸೀತಾರೆ."

"ಕೇಳಿಸಿದ್ದೆಲ್ಲ ಕಳಿಸ್ತಿದ್ದೀನಿ ತಾಯಿ."

"ನಂಬಲ್ಲ. ಹತ್ರ ಬಂದು ಕೂತ್ಕೋ."

"ನನ್ನೊಳಗೆ ಅಯಸ್ಕಾಂತ ಇದೆ. ಹತ್ರ ಬಂದ್ರೆ ನಿನ್ನನ್ನೇ ಎಳೆಯುತ್ತೆ."

"ದೂರ ನಿಲ್ಲೋರೆಲ್ಲ ಇಂಥ ನೆಪಾನೇ ಹೇಳೋದು!"

ಸಣ್ಣ ತಂತಿಯ ದನಿ ಸಾಲದು ಅಂತ ಗಿಟಾರ್ ನುಡಿಸೋ ಜೆರೋಮನಿಗೂ ಅನ್ನಿಸಿತ್ತು. ಅವನು ಸ್ಕ್ರೂ ತಿರುಗಿಸಿ ಪಿಕಪ್ಪನ್ನ ಮೇಲೆತ್ತಿದ. ಅಯಸ್ಕಾಂತ ಎಳೆದ ಎಳೆತಕ್ಕೆ ಸಣ್ಣ ತಂತಿ ಶ್ರುತಿ ತಪ್ಪಿ ನಡುಗಿತು. ಪಿಕಪ್ ಆ ಅಪಶ್ರುತಿಯನ್ನೂ ಒಂಚೂರು ಬಿಡದೆ ಕಳಿಸಿತು.

ಅವತ್ತು ಮದುವೆಯೊಂದರಲ್ಲಿ ನುಡಿಸುವಾಗ ಸಣ್ಣ ತಂತಿಯ ದನಿ ಕಲ್ಯಾಣ ಮಂಟಪದ ಊಟದ ಹಾಲ್‌ವರೆಗೂ ಕೇಳಿಸಿತು. ಕೇಳಿಸಿದ್ದಕ್ಕೇ ಜೆರೋಮ್ ಅದನ್ನ ಬಿಚ್ಚಿದ.