ಹಲಗೆಯ ಹನುಮ ನೀರು ಕುಡಿದದ್ದು

“ಕೇಳ್ರಪ್ಪೋ ಕೇಳ್ರಿ! ದೊರೆ ಬೊಪ್ಪರಸರ ಅಪ್ಪಣೆ! ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡ್ತಾರ! ಒಂದು ತಪ್ಪಿದರೂ ತಲೆ ತೆಗೀತಾರ! ಯಾರು ಬೇಕಾದರೂ ಬರಬಹುದು!”

ಕೆಂಗೋಟೆಯ ಬೀದಿಬೀದಿಯಲ್ಲಿ ಹಲಗೆ ಬಡಿಯುತ್ತ ಹೀಗೆ ಕೂಗಿದವನು ದುರುಗ, ಕೇರಿಯ ಹುಡುಗ. ಮೀಸೆ ಈಗಷ್ಟೇ ಚಿಗುರಿತ್ತು. ಆ ಮೂರು ಒಗಟೂ ಅವನ ಅಪ್ಪನವೇ. ಅವು ಅರಮನೆಗೆ ಹೇಗೆ ಬಂದವು ಎಂದು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಅಪ್ಪ ಹನುಮನೂ ಊರು ಸಾರುವವನೇ. ಒಂದು ದಿನ ಸುಡುಬಿಸಿಲಲ್ಲಿ ರಾಜನ ಅಪ್ಪಣೆಯನ್ನು ಊರಿಗೆಲ್ಲ ಸಾರಿ ಬರುವಷ್ಟರಲ್ಲಿ ಗಂಟಲು ಒಣಗಿಹೋಗಿತ್ತು. ಯಾರಾದರೂ ಮೇಲಿಂದ ಬೊಗಸೆಗೆ ನೀರು ಹುಯ್ಯಲಿ ಎಂದು ಅರಮನೆಯ ಬಾವಿಯ ಹತ್ತಿರ ಕಾದ. ಬಂದರು, ಸೇದಿದರು, ಹೋದರು, ಯಾರೂ ಹುಯ್ಯಲಿಲ್ಲ. ಕೊನೆಗೆ ತಾನೇ ಕೊಡ ಇಳಿಬಿಟ್ಟು ಸೇದಿ, ಬಾಯಿ ಹಚ್ಚಿ ಕುಡಿದ. ಅವನು ಮಾಡಿದ್ದು ಇಷ್ಟೇ. ಅದಕ್ಕೆ ಮರಣದಂಡನೆಯಂತೆ, ಥೂ!

ತೀರ್ಪು ಕೇಳಿ ಮುದುಕ ಅಳಲಿಲ್ಲ. “ದೊರೆ, ಮೂರು ಒಗಟು ಹೇಳ್ತೀನಿ. ಅವನ್ನ ಬಿಡಿಸಿ ಆಮೇಲೆ ನನ್ನ ತಲೆ ತಗೊಳ್ರಿ” ಎಂದ. “ಓಹೋ, ಇಷ್ಟೇನಾ!” ಎಂದು ರಾಜ ಕತ್ತಿ ಮುಟ್ಟಿ ಆಣೆ ಮಾಡಿದ. ಮಾಡಿದ್ದೇ ತಡ, ಸಿಕ್ಕಿಬಿದ್ದ. ತುಂಬಿದ ಸಭೆಯಲ್ಲಿ ಒಂದೂ ಬಿಡಿಸಲಾಗಲಿಲ್ಲ. ಸಿಡಿಮಿಡಿಗೊಂಡು ಮುದುಕನನ್ನು ಅಂಗಳದ ಗುಂಡಿಗೆ ತಳ್ಳಿಸಿದ. ಮೇಲೆ ಕಬ್ಬಿಣದ ಸರಳು ಹಾಕಿಸಿ, ಮಗನ ಕೈಯಲ್ಲೇ ಡಂಗುರ ಹೊಡೆಸಿದ.

ದುರುಗನಿಗೆ ಉತ್ತರಗಳು ಗೊತ್ತಿದ್ದವು. “ಬ್ಯಾರೆಯವರು ಬಿಡಿಸಿದರ ಅಪ್ಪ ಸಾಯ್ತಾನ, ಅವ್ವಾ. ನಾನ ಬಿಡಿಸಿದರ ಅವನ ಜೀವ ಕೇಳಬಹುದು” ಎಂದು ಹಲಗೆ ಹೆಗಲಿಗೇರಿಸಿ ಹೊರಟ.

ಅಷ್ಟರಲ್ಲಿ ಅರಮನೆಯಲ್ಲಿ ಜಾತ್ರೆಯಷ್ಟು ಜನ. ಒಬ್ಬ ಪಂಡಿತ ಎದ್ದ. ರಾಜ ಹನುಮನ ಮಾತಿನಲ್ಲೇ ಕೇಳಿದ: “ಬದುಕಿದ್ದಾಗ ಮೈ ಸವರಿ ಪೂಜೆ ಮಾಡಿದಿರಿ. ಸತ್ತಾಗ ಮುಟ್ಟದೆ ಎಳೆಸಿ ಹಾಕಿದಿರಿ. ಈಗ ಅದು ದನಿ ತೆಗೆಯದಿದ್ದರೆ ನಿಮ್ಮ ದೇವರ ಪಲ್ಲಕ್ಕಿಯೂ ಏಳುವುದಿಲ್ಲ. ಏನದು?”

“ಶಂಖ!”

“ಅಲ್ಲ” ಎಂದಿತು ಗುಂಡಿಯೊಳಗಿನ ದನಿ. ಸುಳ್ಳು ಹೇಳಿ ಬದುಕುವ ಆಸಾಮಿಯಾಗಿದ್ದರೆ ಹನುಮ ‘ನಾ ನೀರು ಕುಡಿದೇ ಇಲ್ಲ’ ಎಂದು ಅವತ್ತೇ ಬದುಕುತ್ತಿದ್ದ. ರಾಜನಿಗೂ ಅದು ಗೊತ್ತಿತ್ತು. ಪಂಡಿತನನ್ನು ಅದೇ ಗುಂಡಿಗೆ ಇಳಿಸಿದರು. ನಾಳೆ ತಲೆ ಹೋಗುವುದಿದೆ, ಆದರೂ ಆ ಮಹಾನುಭಾವ ಗೋಡೆಗೆ ಅಂಟಿ ನಿಂತು “ದೂರ ಸರಿಯೋ, ಮೈಲಿಗೆ” ಎಂದನಂತೆ! ಇಂಥವರಿಗೆ ಏನು ಹೇಳೋಣ?

ಆಮೇಲೆ ಪಕ್ಕದ ನಾಡಿನ ರಾಜಕುಮಾರ ಬಂದು, ಮೊದಲನೆಯದನ್ನು ಕೊನೆಗಿಟ್ಟು, ಎರಡನೆಯದಕ್ಕೆ ಕೈಹಾಕಿದ. “ಈ ಲೋಕದಲ್ಲಿ ನಿನ್ನನ್ನು ಎಲ್ಲರಿಗಿಂತ ಮೊದಲು ಎತ್ತಿಕೊಂಡ ಕೈ. ಆಮೇಲೆ ಅದರ ನೆರಳು ತಾಗಿದರೂ ನಿನಗೆ ಸ್ನಾನ. ಯಾರದು?” “ಹೆತ್ತ ತಾಯಿಯದು” ಎಂದ. “ತಾಯಿ ನೆರಳಿಗೆ ಯಾರಪ್ಪಾ ಸ್ನಾನ ಮಾಡ್ತಾರ?” ಎಂದಿತು ಗುಂಡಿ. ಅವನೂ ಒಳಗೆ ಬಿದ್ದ.

ಮೂರನೆಯದಕ್ಕೆ ಆಸ್ಥಾನದ ಗುರುಗಳೇ ಎದ್ದರು. “ನಮ್ಮ ಕೇರಿಯ ಮನೆಮನೆಯಲ್ಲಿ ಹುಟ್ಟುತ್ತದೆ. ದಿನಾ ನುಂಗುತ್ತೇವೆ, ಹೊಟ್ಟೆ ತುಂಬುವುದಿಲ್ಲ. ನಿಮ್ಮೆದುರು ತಲೆ ತಗ್ಗಿಸಿದಾಗ ಅದು ನೆಲಕ್ಕೆ ಮಾತ್ರ ಕಾಣುತ್ತದೆ. ಏನದು?”

“ಭಕ್ತಿ, ಪ್ರಭು! ರಾಜಭಕ್ತಿ!” ರಾಜನ ಮುಖ ಅರಳಿತು. ಗುಂಡಿಯೊಳಗಿಂದ ಮುದುಕ ಬಿದ್ದು ಬಿದ್ದು ನಕ್ಕ. ಗುರುಗಳೂ ಇಳಿದರು.

ಆಗ ದುರುಗ ಬಾಗಿಲಿಗೆ ಬಂದ. ಕಾವಲಿನವನು ಈಟಿ ಅಡ್ಡ ಹಿಡಿದ. “ಯಾರು ಬೇಕಾದರೂ ಅಂದರೆ ನಿನ್ನಂಥವನಲ್ಲ!”

“ಹಂಗಂತ ನನ್ನ ಕೈಲಿ ಸಾರಿಸಲಿಲ್ಲಲ್ಲ! ಯಾರು ಬೇಕಾದರೂ ಅಂತ ಗಂಟಲು ಹರಕೊಂಡು ಕೂಗಿದವ ನಾನು. ನಾನು ಯಾರೂ ಅಲ್ಲೇನು?”

ಸೋತು ಸುಣ್ಣವಾಗಿದ್ದ ರಾಜ, “ಬಿಡಿ, ದೂರ ನಿಂತು ಹೇಳಲಿ” ಎಂದ. ದುರುಗ ಹಲಗೆಗೆ ಒಂದೇಟು ಹಾಕಿದ. ಅಂಗಳ ಗುಂಯ್‌ಗುಟ್ಟಿತು.

“ಮೊದಲನೇದು ಇದು. ಬದುಕಿದ್ದಾಗ ನಿಮ್ಮ ಗೋಮಾತೆ. ಸತ್ತಾಗ ನಾವು ಎಳೀಬೇಕು, ಸುಲೀಬೇಕು. ಅದರ ತೊಗಲಿನ ಹಲಗೆ ಇದು. ಇದು ಬೇಕು, ಇದನ್ನ ಬಡಿಯೋ ಕೈ ಬ್ಯಾಡ. ಎರಡನೇದು ನಮ್ಮಜ್ಜಿ ಗಾಳೆವ್ವನ ಕೈ. ಹೆರಿಗೆ ಮಾಡಿಸಿ ನಿನ್ನ ಹೊಕ್ಕಳು ಕೊಯ್ದವಳು ಅವಳು. ಆಮೇಲೆ ನಿನ್ನ ಕುದುರೆ ಬಂತಂದರ ನೆರಳು ತಾಗೀತಂತ ಬೇಲಿಗೆ ಸರಿದು ನಿಲ್ಲತಿದ್ದಳು. ಮೂರನೇದು...” ಅವನು ತಲೆ ಎತ್ತಿ ರಾಜನ ಕಣ್ಣಿಗೆ ಕಣ್ಣಿಟ್ಟ. “ನೋಡಿಕೋ. ಇದು ಸಿಟ್ಟು. ಇಷ್ಟು ದಿನ ಇದನ್ನ ಭಕ್ತಿ ಅಂದುಕೊಂಡಿದ್ದಿ.”



“ಮೂರೂ ಖರೇ ಮಗಾ” ಎಂದ ಮುದುಕ. ಉತ್ತರ ಸಿಕ್ಕಿತು, ಇನ್ನು ಅವನ ತಲೆಗೆ ಕಾವಲಿರಲಿಲ್ಲ.

“ಅಪ್ಪನ ಜೀವ ಕೊಡು” ಎಂದ ದುರುಗ. ರಾಜ ಹಲ್ಲು ಕಚ್ಚಿದ. “ಅರ್ಧ ರಾಜ್ಯ ಕೇಳು, ಮಗಳನ್ನು ಕೇಳು. ಇವನ ತಲೆ ಮಾತ್ರ ಬಿಡಲಾರೆ. ಇವನನ್ನು ಬಿಟ್ಟರೆ ನಾಳೆ ನಿಮ್ಮ ಕೇರಿಯೆಲ್ಲ ಬಾವಿಗೆ ಬರುತ್ತದೆ.”

“ನಿನ್ನ ಮಗಳು ಕೊಡೋ ಸಾಮಾನಲ್ಲ, ಆಕಿನ್ನ ಆಕಿ ಪಾಡಿಗೆ ಬಿಡು. ಈ ಹಲಗೆ ಹಿಡಿ. ‘ಹನುಮ ಬಾಯಾರಿ ನೀರು ಕುಡಿದ, ಅದು ತಪ್ಪು’ ಅಂತ ನೀನೇ ಊರೆಲ್ಲ ಸಾರಿ ಬಾ. ಅಲ್ಲಿವರೆಗೂ ಹನಿ ನೀರು ಮುಟ್ಟಬ್ಯಾಡ. ಬಂದ ಮೇಲೂ ಅದು ತಪ್ಪು ಅನ್ನಿಸಿದರ ಅಪ್ಪನ ತಲೆ ತಗೋ.”

ಕೇಳಿದ್ದು ಕೊಡುತ್ತೇನೆಂದು ಕೊಟ್ಟ ಮಾತು, ಸಭೆಯೆದುರು ಎರಡನೆಯ ಸಲ ತಪ್ಪುವಂತಿರಲಿಲ್ಲ. ರಾಜ ಹಲಗೆ ಹೊತ್ತ. ಬಿಸಿಲು ನೆತ್ತಿಗೇರಿತು. ಮೊದಲ ಬೀದಿಯಲ್ಲಿ “ತಪ್ಪು!” ಎಂದು ಅಬ್ಬರಿಸಿದ. ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಅಗಸರ ಓಣಿ ದಾಟುವಾಗ ದನಿ ಕಟ್ಟಿತು. ಕೇರಿಗೆ ಬರುವಾಗ “ಹನುಮ ಬಾಯಾರಿ” ಎಂಬಷ್ಟೇ ಹೊರಟಿತು, ಮುಂದಿನದು ಬರಲಿಲ್ಲ. ಕಾಲೆಳೆಯುತ್ತ ತನ್ನ ಬಾವಿಗೆ ಬಂದು ಕುಸಿದು ಕೂತ.

ಅಷ್ಟು ಹೊತ್ತಿಗೆ ದುರುಗ, ಒಗಟು ಗೆದ್ದವನ ಹಕ್ಕಿನಿಂದ, ಕಾವಲಿನವರ ಕೈಲೇ ಸರಳು ತೆಗೆಸಿ ಗುಂಡಿಯಲ್ಲಿದ್ದವರನ್ನೆಲ್ಲ ಹೊರಗೆ ತಂದಿದ್ದ. ಪಂಡಿತ, ರಾಜಕುಮಾರ, ಗುರು, ಎಲ್ಲರೂ ನೋಡುತ್ತಿದ್ದರು. ಹನುಮ ಕೊಡ ಇಳಿಬಿಟ್ಟು ನೀರು ಸೇದಿದ. ಮೊದಲು ತಾನು ಬಾಯಿ ಹಚ್ಚಿ ಕುಡಿದ. ಆಮೇಲೆ ಅದೇ ಕೊಡವನ್ನು ರಾಜನ ಮುಂದೆ ಇಟ್ಟ.

“ನನ್ನ ಎಂಜಲು ಇದು. ಬೇಕಂದರ ಕುಡಿ, ಬ್ಯಾಡಂದರ ಒಣಗು.”

ರಾಜ ಎರಡೂ ಕೈಯಲ್ಲಿ ಕೊಡ ಎತ್ತಿ ಗಟಗಟ ಕುಡಿದ. ಅವನ ಗಡ್ಡದಿಂದ ನೀರು ಇಳಿಯುತ್ತಿತ್ತು.

“ಹೇಳು ಈಗ. ತಪ್ಪೇನು?” ಎಂದ ದುರುಗ.

ರಾಜ ತಲೆ ತಗ್ಗಿಸಿದ. ಅಪ್ಪನನ್ನು ಕರೆದುಕೊಂಡು ದುರುಗ ಮನೆಗೆ ಹೋದ. ಮರುದಿನ ಬೆಳಗ್ಗೆ ಅವನ ಅವ್ವ ಕೊಡ ಹಿಡಿದು ಆ ಬಾವಿಗೆ ಬಂದಳು, ಅವಳ ಹಿಂದೆ ಕೇರಿಯೆಲ್ಲ ಬಂತು.