ದುಂಬಿ ಮುಟ್ಟದ ಹೂ

ಗುರು ನಿರಂಜನಯ್ಯನವರ ಆಶ್ರಮ ಬೆಟ್ಟದ ಮೇಲಿತ್ತು. ಕೆಳಗೆ ಒಂದೇ ಬೀದಿ. ಅಲ್ಲಿ ಪ್ರತಿ ಮನೆಯ ಮುಂದೆಯೂ ಹೂಗಿಡಗಳ ಸಾಲು.

ಚೈತ್ರದಲ್ಲಿ ಒಂಬತ್ತು ದಿನ ಆಶ್ರಮದಲ್ಲಿ ಹೂವಿನ ಪೂಜೆ. ಒಂದು ದಿನವೂ ತಪ್ಪದೆ ಬೀದಿಯಿಂದ ಹೂ ತಂದು ಪೂಜಿಸಿದ ಶಿಷ್ಯನಿಗೆ ಕೊನೆಯ ದಿನ ಗುರುಗಳು ಮಂತ್ರೋಪದೇಶ ಮಾಡುತ್ತಿದ್ದರು. ತಪ್ಪಿದರೆ ಉಪದೇಶವಿಲ್ಲ.

ಏಳು ವರ್ಷ ಕಾದ ಮೇಲೆ ಶಿಷ್ಯ ಶಶಿಶೇಖರನ ಸರದಿ ಬಂದಿತ್ತು.

ದುಂಬಿ ಮುಟ್ಟಿದ ಹೂ ಎಂಜಲು, ದೇವರಿಗೆ ಸಲ್ಲದು ಎಂದು ಅವನು ಓದಿದ್ದ. ಅದಕ್ಕೇ ಬೆಳಕು ಹರಿಯುವ ಮೊದಲೇ ಬೀದಿಗಿಳಿದು, ಅರಳಲಿದ್ದ ಮೊಗ್ಗುಗಳನ್ನೆಲ್ಲ ಬಿಡಿಸಿ ತರುತ್ತಿದ್ದ. ನಂದಿಬಟ್ಟಲು, ಕೇಪಳ, ದಾಸವಾಳ, ದುಂಡುಮಲ್ಲಿಗೆ, ಯಾವುದನ್ನೂ ಬಿಡಲಿಲ್ಲ.

ಎಂಟನೆಯ ದಿನ ಸಂಜೆ ಬೀದಿಯ ದ್ಯಾವಮ್ಮಜ್ಜಿ ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂದಳು.

“ಬುದ್ಧೀ, ನಮ್ಮ ಅಜೇಲಿಯ ಗಿಡದ ಹೂ ಯಾವ ಬಣ್ಣ ಅಂತ ಮೊಮ್ಮಗಳು ಕೇಳ್ತಾಳೆ. ಊಟಿಯಿಂದ ಸಸಿ ತಂದು ಮೂರು ವರ್ಷ ನೀರು ಹೊಯ್ದೋಳು ನಾನು. ನನಗೇ ಗೊತ್ತಿಲ್ಲ!”

“ಹೂ ಬಿಟ್ಟಿಲ್ಲವೇ ತಾಯಿ?”

“ಈ ವರ್ಷ ಮೊಗ್ಗೇನೋ ಬಂತು. ಅರಳೋಕೆ ಬಂದದ್ದೆಲ್ಲ ನಿಮ್ಮ ಮರಿಸ್ವಾಮಿಯೋರ ಬುಟ್ಟಿಗೆ ಹೋಯ್ತು. ಅವರನ್ನೇ ಕೇಳಿ ಹೇಳಿ, ಪುಣ್ಯ ಬರ್ತದೆ.”

ಗುರುಗಳು ಶಶಿಶೇಖರನತ್ತ ತಿರುಗಿದರು. “ಯಾವ ಬಣ್ಣವಪ್ಪಾ?”

ಅವನು ಯೋಚಿಸಿದ. “ಮೊಗ್ಗಿನ ತುದಿ ಕೆಂಪಗಿತ್ತು, ಗುರುಗಳೇ.”

“ನಾನು ಕೇಳಿದ್ದು ಹೂವಿನ ಬಣ್ಣ.”

ಅವನು ತಲೆ ತಗ್ಗಿಸಿದ.

“ನಾಳೆ ಹೊತ್ತು ಏರಿದ ಮೇಲೆ ಹೋಗು,” ಎಂದರು ಗುರುಗಳು.

“ನಾಳೆ ಕೊನೆಯ ದಿನ! ಅಷ್ಟು ಹೊತ್ತಿಗೆ ದುಂಬಿ ಎಲ್ಲವನ್ನೂ ಎಂಜಲು ಮಾಡಿರುತ್ತದೆ.”

“ಹೋಗು.”

ಮರುದಿನ ಬಿಸಿಲು ಬಿದ್ದ ಮೇಲೆ ಶಶಿಶೇಖರ ಬುಟ್ಟಿ ಹಿಡಿದು ಇಳಿದ. ತಿರುವಿನಲ್ಲಿ ಅವನ ಕಾಲು ತಾನಾಗಿ ನಿಂತಿತು.

ಎಂಟು ದಿನವೂ ಬರಿಯ ಹಸಿರಾಗಿದ್ದ ಬೀದಿ ಅದಾಗಿರಲಿಲ್ಲ. ನಂದಿಬಟ್ಟಲು ಬೆಳ್ಳಗೆ ತುಂಬಿ ನಿಂತಿತ್ತು. ಕೇಪಳದ ಗೊಂಚಲುಗಳು ಕೆಂಡದಂತೆ ಉರಿಯುತ್ತಿದ್ದವು. ನೀರು ತರಲು ಹೊರಟಿದ್ದ ಹೆಂಗಸರು ಬಿಂದಿಗೆ ಇಳಿಸಿ ಹೂ ನೋಡುತ್ತ ನಿಂತಿದ್ದರು.

ಅವನು ಪ್ರತಿ ಗಿಡದ ಮುಂದೆಯೂ ಬಗ್ಗಿ ದುಂಬಿ ಮುಟ್ಟದ ಒಂದು ಹೂ ಹುಡುಕಿದ. ಒಂದೂ ಸಿಗಲಿಲ್ಲ. ಹುಡುಕುತ್ತ ಹುಡುಕುತ್ತ ದ್ಯಾವಮ್ಮಜ್ಜಿಯ ಮನೆಯ ಮುಂದೆ ಬಂದ.

ಅಜೇಲಿಯದಲ್ಲಿ ಅರಳಿದ್ದುದು ಒಂದೇ ಹೂ.

ಅಂಚಿನಲ್ಲಿ ಎಳೆಗೆಂಪು. ಒಳಕ್ಕೆ ಇಳಿದಂತೆ ಬಿಳುಪು. ಗಂಟಲಲ್ಲಿ ಯಾರೋ ಕೂದಲೆಳೆಯ ಕುಂಚದಿಂದ ಇಟ್ಟಂಥ ಕೆಂಪು ಚುಕ್ಕೆಗಳು. ಅದರೊಳಗಿಂದ ಒಂದು ದುಂಬಿ ಮೈಯೆಲ್ಲ ಪುಡಿ ಮೆತ್ತಿಕೊಂಡು ಹೊರಗೆ ಬಂತು, ನಿಂತಿತು, ಮತ್ತೆ ಒಳಗೆ ಹೋಯಿತು.

ನೀಡಿದ ಕೈ ನೀಡಿದಲ್ಲೇ ಉಳಿಯಿತು.

“ಕಿತ್ಕೊಳ್ಳಿ,” ಎಂದಳು ಅಜ್ಜಿ ಹೊಸಿಲಿನಿಂದ. “ಬಣ್ಣ ನೋಡಿದ್ದಾಯ್ತು. ನಿಮಗೆ ಪೂಜೆಗೆ ಹೊತ್ತಾಗ್ತದೆ.”

ಅವನ ಕೈ ಮೆಲ್ಲಗೆ ಹಿಂದೆ ಬಂತು.

ಆಶ್ರಮಕ್ಕೆ ಮರಳಿದಾಗ ಪೂಜೆಯ ಹೊತ್ತು ಮೀರಿತ್ತು. ಅವನು ಬರಿಯ ಬುಟ್ಟಿಯನ್ನು ಗುರುಗಳ ಮುಂದಿಟ್ಟ.

“ಪೂಜೆ ತಪ್ಪಿತು, ಗುರುಗಳೇ.”

“ಹೂ ಇರಲಿಲ್ಲವೇ?”

“ಬೀದಿಯ ತುಂಬ ಇತ್ತು.”

“ದುಂಬಿ ಮುಟ್ಟಿತ್ತೆಂದು ಬಿಟ್ಟೆಯಾ?”

“ಮೊದಲು ಹಾಗೇ ಅಂದುಕೊಂಡೆ. ಆಮೇಲೆ ಕೈ ಏಳಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು.”

ಗುರುಗಳು ಅವನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಮೆಟ್ಟು ಮೆಟ್ಟಿ, ಊರುಗೋಲು ಕೈಗೆತ್ತಿಕೊಂಡು, ಬೀದಿಗಿಳಿಯುವ ಮೆಟ್ಟಿಲ ಕಡೆ ಹೊರಟರು.

ಶಶಿಶೇಖರ ಗಾಬರಿಯಿಂದ ಹಿಂದೆಯೇ ಓಡಿದ. “ಗುರುಗಳೇ, ಹಾಗಾದರೆ ಉಪದೇಶ?”

ಗುರುಗಳು ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟರು.

“ಅದಕ್ಕೇ ಹೊರಟಿದ್ದೇನೆ. ನೀನು ಮುಂದೆ ನಡೆ.”